ಫ್ರಾಂಕ್ ಹಾರ್ನ್‌ಬಿ ಮತ್ತು ಮನೆಯೊಳಗಿನ ರೈಲು

ನಮ್ಮ ಪತ್ರಿಕೆಯ ಈ ಪುಟಗಳಲ್ಲಿ ಸಾಮಾನ್ಯವಾಗಿ ವಿಜ್ಞಾನಿಗಳ, ಗಣಿತಜ್ಞರ, ಶಿಕ್ಷಣ ಚಿಂತಕರ ಜೀವನ ಪರಿಚಯ ಬರುತ್ತದೆ. ನಾನು ಆರಿಸಿಕೊಂಡಿರುವ ಫ್ರಾಂಕ್ ಹಾರ್ನ್‌ಬಿ ಈ ಮೂರು ಗುಂಪಿಗೂ ಸೇರುವುದಿಲ್ಲ. ಅವರು ಲೆಕ್ಕ ಬರೆಯುವ ಗುಮಾಸ್ತರಾಗಿದ್ದು, ನಂತರ ಆಟಿಕೆ ತಯಾರಕರಾದವರು. ಎಂಜಿನಿಯರಿಂಗ್ ಓದಿದವರಲ್ಲ, ಯಾವ ತರಗತಿಗೂ ಪಾಠ ಮಾಡಿದವರಲ್ಲ. ಆದರೂ ಒಂಬತ್ತನೆಯ ತರಗತಿಯ ‘ಚಲನೆ’ ಪಾಠಕ್ಕಾಗಿ ನಾನು ಮನೆಯಲ್ಲಿ ಒಂದು ಚಿಕ್ಕ ಮಾದರಿ ರೈಲಿನ ಲೇಔಟ್ ಯೋಜಿಸಲು ಹೊರಟಾಗ, ಹೆಜ್ಜೆ ಹೆಜ್ಜೆಗೂ ಎದುರಾದದ್ದು ಅವರ ಆಲೋಚನೆಯೇ. ಆದ್ದರಿಂದ ಅವರ ಬದುಕನ್ನೂ ಆ ಯೋಜನೆಯನ್ನೂ ಒಟ್ಟಿಗೇ ಹೇಳುತ್ತೇನೆ. ಬೋಧನಾಭ್ಯಾಸಕ್ಕೆ ಹೊರಡಲಿರುವ ಕಿರಿಯ ಸಹಪಾಠಿಗಳಿಗೆ ಎರಡೂ ಉಪಯೋಗಕ್ಕೆ ಬರಬಹುದು.

ಲಿವರ್‌ಪೂಲಿನ ಹುಡುಗ

ಫ್ರಾಂಕ್ ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ಜಾನ್ ಹಾರ್ನ್‌ಬಿ ದಿನಸಿ ಸಾಮಗ್ರಿಗಳ ವ್ಯಾಪಾರಿ. ಲಿವರ್‌ಪೂಲ್ ಆಗ ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. 1830ರಲ್ಲಿ ಆರಂಭವಾದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗದಿಂದ ಎರಡು ದೊಡ್ಡ ನಗರಗಳ ನಡುವೆ ಉಗಿಬಂಡಿಯಲ್ಲಿ ಜನ ಓಡಾಡುವ ಕಾಲ ಶುರುವಾಗಿತ್ತು. ಹಡಗುಕಟ್ಟೆಯ ಕ್ರೇನ್‌ಗಳು, ಸರಕು ಬಂಡಿಗಳು, ಕಬ್ಬಿಣದ ಸೇತುವೆಗಳು ಆ ಊರಿನ ಮಕ್ಕಳಿಗೆ ದಿನನಿತ್ಯದ ನೋಟ. ನಮ್ಮ ಮಕ್ಕಳಿಗೆ ಜೆಸಿಬಿ ಹೇಗೋ ಹಾಗೆ.

ಫ್ರಾಂಕ್ ಶಾಲೆಯಲ್ಲಿ ಮಿಂಚಿದ ಹುಡುಗನಲ್ಲ. 16ನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಅಂಗಡಿಯಲ್ಲಿ ಹಣಕಾಸು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಸ್ವಂತ ಪರಿಶ್ರಮದಿಂದ ಮೇಲೆ ಬಂದ ಸಂಶೋಧಕರ ಕಥೆಗಳಿರುವ ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ ಪುಸ್ತಕ ಅವರಿಗೆ ಅಚ್ಚುಮೆಚ್ಚು. ಅದನ್ನು ಓದಿ ತಾವೂ ಏನಾದರೂ ಕಂಡುಹಿಡಿಯಬೇಕೆಂದು ಹೊರಟ ಅವರು ಮೊದಲು ಕೈ ಹಾಕಿದ್ದು ಶಾಶ್ವತವಾಗಿ ಚಲಿಸುವ ಯಂತ್ರಕ್ಕೆ. ಶಕ್ತಿ ಸಂರಕ್ಷಣೆಯ ನಿಯಮ ಓದಿದ ನಮಗೆ ಅದು ಆಗದ ಕೆಲಸವೆಂದು ಗೊತ್ತು. ಹಾರ್ನ್‌ಬಿ ಅದನ್ನು ಪುಸ್ತಕದಿಂದ ತಿಳಿಯಲಿಲ್ಲ, ಮಾಡಿ ನೋಡಿ ಕೈಬಿಟ್ಟರು.

1887ರಲ್ಲಿ ಅವರು ಕ್ಲಾರಾ ಗೋಡ್‌ಫ್ರಾಯ್ ಎಂಬುವರನ್ನು ಮದುವೆಯಾದರು. ಕ್ಲಾರಾ ಶಾಲಾ ಶಿಕ್ಷಕಿ. ಹಾರ್ನ್‌ಬಿಯ ಆಟಿಕೆಗಳಿಗೆ ‘ಶೈಕ್ಷಣಿಕ’ ಎಂಬ ವಿಶೇಷಣ ಮೊದಲ ದಿನದಿಂದಲೇ ಅಂಟಿಕೊಂಡಿದ್ದನ್ನು ನೋಡಿದರೆ, ಆ ಮನೆಯಲ್ಲಿ ಒಬ್ಬ ಶಿಕ್ಷಕಿ ಇದ್ದದ್ದು ಮುಖ್ಯವೆಂದು ನನಗೆ ಅನ್ನಿಸುತ್ತದೆ. ದಂಪತಿಗೆ ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು ಮತ್ತು ಪೆಟ್ರೀಷಿಯಾ ಎಂಬ ಮಗಳು. 1899ರಲ್ಲಿ ತಂದೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. 36ರ ಹರೆಯದ ಫ್ರಾಂಕ್, ಮಾಂಸ ಆಮದು ಮಾಡುತ್ತಿದ್ದ ಡೇವಿಡ್ ಎಲಿಯಟ್ ಎಂಬುವರ ಬಳಿ ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಸೇರಿದರು.

ಅರ್ಧ ಅಂಗುಲದ ನಿಯಮ

ಮಕ್ಕಳಿಗಾಗಿ ಹಾರ್ನ್‌ಬಿ ಮನೆಯಲ್ಲೇ ತಗಡು ಕತ್ತರಿಸಿ ಸೇತುವೆ, ಬಂಡಿ, ಕ್ರೇನ್ ಮಾಡಿಕೊಡುತ್ತಿದ್ದರು. ಪ್ರತಿ ಆಟಿಕೆಗೂ ಹೊಸ ತುಂಡು, ಹೊಸ ಅಳತೆ. ಸೇತುವೆಗೆ ಕತ್ತರಿಸಿದ ಪಟ್ಟಿ ಕ್ರೇನಿಗೆ ಹೊಂದುತ್ತಿರಲಿಲ್ಲ. ಮಕ್ಕಳಿಗೆ ಒಂದು ಆಟಿಕೆ ಬೇಸರವಾದರೆ ಅಪ್ಪ ಮತ್ತೆ ಮೊದಲಿನಿಂದ ಕತ್ತರಿಸಬೇಕು. ಒಮ್ಮೆ ರೈಲು ಪ್ರಯಾಣದಲ್ಲಿದ್ದಾಗ ಇದಕ್ಕೆ ಪರಿಹಾರ ಹೊಳೆಯಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಎಲ್ಲ ಪಟ್ಟಿಗಳೂ ಅರ್ಧ ಅಂಗುಲ ಅಗಲ ಇರಲಿ. ಎಲ್ಲದರಲ್ಲೂ ಅರ್ಧ ಅಂಗುಲಕ್ಕೊಂದು ರಂಧ್ರ ಇರಲಿ. ಎಲ್ಲ ರಂಧ್ರಗಳೂ ಒಂದೇ ಗಾತ್ರ ಇರಲಿ. ಆಗ ಯಾವ ತುಂಡನ್ನು ಯಾವುದಕ್ಕೆ ಬೇಕಾದರೂ ನಟ್ಟು ಬೋಲ್ಟು ಹಾಕಿ ಬಿಗಿಯಬಹುದು. ಅದೇ ರಂಧ್ರದಲ್ಲಿ ಸರಳು ತೂರಿಸಿದರೆ ಚಕ್ರದ ಅಚ್ಚು ಆಗುತ್ತದೆ. ಆಟ ಮುಗಿದ ಮೇಲೆ ಬಿಚ್ಚಿ ಅದೇ ತುಂಡುಗಳಿಂದ ಇನ್ನೊಂದನ್ನು ಕಟ್ಟಬಹುದು.

1901ರ ಜನವರಿಯಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಅದಕ್ಕೆ ಬೇಕಾದ 5 ಪೌಂಡ್ ಕೈಯಲ್ಲಿರಲಿಲ್ಲ, ಮಾಲೀಕ ಎಲಿಯಟ್ ಅವರಿಂದ ಸಾಲ ಪಡೆದರು. ಮುಂದೆ ಎಲಿಯಟ್ ಪಾಲುದಾರರೂ ಆದರು. 1902ರಲ್ಲಿ ಮೊದಲ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಯಂತ್ರಶಾಸ್ತ್ರ ಸುಲಭವಾಯಿತು ಎಂಬ ಅರ್ಥದ ಇಂಗ್ಲಿಷ್ ಹೆಸರು, 16 ಬಗೆಯ ಬಿಡಿಭಾಗ, ಬೆಲೆ ಏಳೂವರೆ ಶಿಲಿಂಗ್. ಲಿವರ್‌ಪೂಲಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೆನ್ರಿ ಹೀಲ್-ಷಾ ಅದನ್ನು ಮೆಚ್ಚಿ ಶಿಫಾರಸು ಮಾಡಿದರು. ಆದರೂ ನಾಲ್ಕು ವರ್ಷ ಲಾಭವೇ ಇಲ್ಲ. 1906ರಲ್ಲಷ್ಟೇ ಸ್ವಲ್ಪ ಲಾಭ ಕಂಡಿತು. ಹಗಲು ಲೆಕ್ಕಪತ್ರ, ಉಳಿದ ಹೊತ್ತು ಆಟಿಕೆ ಎಂಬಂತೆ ಅಷ್ಟು ವರ್ಷ ಕಳೆದ ಹಾರ್ನ್‌ಬಿ 1907ರಲ್ಲಿ ಕೆಲಸ ಬಿಟ್ಟು ಸ್ವಂತ ತಯಾರಿಕೆಗೆ ಇಳಿದರು. ಆಟಿಕೆಗೆ ‘ಮೆಕ್ಯಾನೋ’ ಎಂಬ ಹೊಸ ಹೆಸರಿಟ್ಟರು. ಮರುವರ್ಷ ಮೆಕ್ಯಾನೋ ಕಂಪನಿ ಹುಟ್ಟಿತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಬಂತು. 1916ರಿಂದ ಮಕ್ಕಳಿಗಾಗಿ ‘ಮೆಕ್ಯಾನೋ ಮ್ಯಾಗಜೀನ್’ ಹೊರಬರತೊಡಗಿತು.

ಇದು ಕೇವಲ ಆಟದ ಸಾಮಾನಾಗಿ ಉಳಿಯಲಿಲ್ಲ. 1934ರಲ್ಲಿ ಮ್ಯಾಂಚೆಸ್ಟರಿನಲ್ಲಿ ಡಗ್ಲಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರದ ಮಾದರಿಯೊಂದನ್ನು ಬಹುಪಾಲು ಮೆಕ್ಯಾನೋ ಬಿಡಿಭಾಗಗಳಿಂದಲೇ ಕಟ್ಟಿದರು. ಪರಮಾಣುಗಳ ರಚನೆಯ ಲೆಕ್ಕಕ್ಕೆ ಅದು ಬಳಕೆಯಾಯಿತು. ಮಕ್ಕಳ ಪೆಟ್ಟಿಗೆಯ ತುಂಡು ಸಂಶೋಧಕರ ಮೇಜಿಗೂ ಹೊಂದಿದ್ದಕ್ಕೆ ಕಾರಣ ಅದೇ ಅರ್ಧ ಅಂಗುಲ.

ಬಿಚ್ಚಬಹುದಾದ ರೈಲು

ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುತ್ತಿದ್ದ ಆಟಿಕೆ ರೈಲುಗಳಲ್ಲಿ ಹೆಚ್ಚಿನವು ಜರ್ಮನಿಯವು. ಯುದ್ಧದಿಂದ ಆ ಆಮದು ನಿಂತಿತು. ಯುದ್ಧ ಮುಗಿದ ಮೇಲೂ ಜರ್ಮನ್ ಸಾಮಾನು ಕೊಳ್ಳಲು ಜನರಿಗೆ ಮನಸ್ಸಿರಲಿಲ್ಲ. 1920ರಲ್ಲಿ ಹಾರ್ನ್‌ಬಿ ಕಂಪನಿ ಕೀಲಿ ಕೊಟ್ಟರೆ ಓಡುವ ರೈಲನ್ನು ಹೊರತಂದಿತು. ಅದರ ಎಂಜಿನ್ನೂ ಬಂಡಿಗಳೂ ಮೆಕ್ಯಾನೋ ರೀತಿಯಲ್ಲೇ ನಟ್ಟು ಬೋಲ್ಟುಗಳಿಂದ ಕೂಡಿದ್ದವು. ಮಗು ರೈಲನ್ನು ಓಡಿಸುವುದರ ಜೊತೆಗೆ ಬಿಚ್ಚಿ ಕೂಡಿಸಲೂ ಬಹುದಾಗಿತ್ತು.

ಈ ರೈಲಿನ ಹಳಿಗಳ ಅಂತರ, ಅಂದರೆ ಗೇಜ್, ಸುಮಾರು 32 ಮಿ.ಮೀ. ಇದನ್ನು ‘ಸೊನ್ನೆ ಗೇಜ್’ ಎನ್ನುತ್ತಾರೆ. ಹಳಿಗಳು ಬಿಡಿ ತುಂಡುಗಳಾಗಿ ಬರುತ್ತಿದ್ದವು: ನೇರ ತುಂಡು, 1 ಅಡಿ ತ್ರಿಜ್ಯದ ತಿರುವು, 2 ಅಡಿ ತ್ರಿಜ್ಯದ ತಿರುವು, ಕವಲೊಡೆಯುವ ಪಾಯಿಂಟು. 2 ಅಡಿ ತ್ರಿಜ್ಯವೆಂದರೆ ಒಂದು ಸುತ್ತಿಗೇ 4 ಅಡಿಗಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಬಹಳಷ್ಟು ಮನೆಗಳಲ್ಲಿ ಊಟದ ಕೋಣೆಯ ನೆಲದ ಮೇಲೆ ಹಳಿ ಜೋಡಿಸಿ, ಆಟ ಮುಗಿದ ಮೇಲೆ ಎತ್ತಿಡುವುದು ರೂಢಿ. ಪ್ರತಿ ಸಲ ಹೊಸದಾಗಿ ಜೋಡಿಸಬೇಕಾದ್ದರಿಂದ ಪ್ರತಿ ಸಲವೂ ಹೊಸ ನಕ್ಷೆ ಸಾಧ್ಯ.

1925ರಲ್ಲಿ ವಿದ್ಯುತ್ ರೈಲು ಬಂತು. ಮೊದಲನೆಯದು ಮನೆಯ ವಿದ್ಯುತ್ತನ್ನೇ ಒಂದು ಬಲ್ಬಿನ ಮೂಲಕ ಹಾಯಿಸಿ ಓಡಿಸುವಂಥದು. ಅದರ ಅಪಾಯ ಊಹಿಸಿಕೊಳ್ಳಬಹುದು. ಬೇಗನೆ ಕಡಿಮೆ ವೋಲ್ಟೇಜಿನ ರೈಲುಗಳು ಅದರ ಜಾಗಕ್ಕೆ ಬಂದವು. ‘ಡಿಂಕಿ’ ಎಂಬ ಪುಟ್ಟ ಕಾರುಗಳು ಕೂಡ 1930ರ ದಶಕದಲ್ಲಿ ಇದೇ ಕಾರ್ಖಾನೆಯಿಂದ ಬಂದವು. ಮೊದಲಿಗೆ ಅವು ಹಾರ್ನ್‌ಬಿ ರೈಲ್ವೆಯ ಪಕ್ಕದ ರಸ್ತೆಯಲ್ಲಿ ನಿಲ್ಲಿಸಲೆಂದೇ ಮಾಡಿದ ಮಾದರಿಗಳು.

1931ರಲ್ಲಿ ಹಾರ್ನ್‌ಬಿ ಕನ್ಸರ್ವೇಟಿವ್ ಪಕ್ಷದಿಂದ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದ ಸಂಸತ್ ಸದಸ್ಯರಾದರು. 1935ರ ಚುನಾವಣೆಯಲ್ಲಿ ಮತ್ತೆ ನಿಲ್ಲಲಿಲ್ಲ. ಹೃದ್ರೋಗ ಮತ್ತು ಮಧುಮೇಹದಿಂದ ಬಳಲಿದ ಅವರು 1936ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ಆಗ 73 ವರ್ಷ. ಎರಡು ವರ್ಷದ ನಂತರ, 1938ರಲ್ಲಿ, ಅವರ ಕಂಪನಿ ‘ಹಾರ್ನ್‌ಬಿ ಡಬ್ಲೋ’ ಎಂಬ ಅರ್ಧದಷ್ಟು ಚಿಕ್ಕ ರೈಲನ್ನು ತಂದಿತು. ಮೇಜಿನ ಮೇಲೆ ಹಿಡಿಸುವ ರೈಲು. ಅದನ್ನು ಅವರು ನೋಡಲಿಲ್ಲ.

ಆರು ಅಡಿಗೆ ನಾಲ್ಕು ಅಡಿ

ನನ್ನ ಲೇಔಟ್ ಈ ಚಿಕ್ಕ ಅಳತೆಯದು. ಇದಕ್ಕೆ ‘ಡಬಲ್ ಸೊನ್ನೆ’ ಎನ್ನುತ್ತಾರೆ. ನಿಜವಾದ ರೈಲಿನ 1 ಅಡಿ ಇಲ್ಲಿ 4 ಮಿ.ಮೀ. ಆಗುತ್ತದೆ, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ನನ್ನ ಸೋದರಮಾವ ಹಳೆಯ ಸಾಮಾನು ಮಾರುವವರ ಬಳಿ ಕೊಂಡು, ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟಿದ್ದ ಪೆಟ್ಟಿಗೆ ನನಗೆ ಸಿಕ್ಕಿತು. ಒಂದು ಎಂಜಿನ್, ಮೂರು ಸರಕು ಬಂಡಿ, ಒಂದಷ್ಟು ಹಳಿ, ಒಂದು ಪಾಯಿಂಟು, 12 ವೋಲ್ಟಿನ ನಿಯಂತ್ರಕ. ನಮ್ಮ ಮನೆಯ ಹಾಲ್ 12 ಅಡಿಗೆ 10 ಅಡಿ. ಅದರಲ್ಲೇ ಟಿವಿ, ಹೊಲಿಗೆ ಯಂತ್ರ, ತಮ್ಮನ ಓದುವ ಮೇಜು. ಅಮ್ಮ ಒಪ್ಪಿದ್ದು 6 ಅಡಿಗೆ 4 ಅಡಿಯ ಒಂದು ಪ್ಲೈವುಡ್ ಹಲಗೆಗೆ, ಅದೂ ಕೆಲಸ ಮುಗಿದೊಡನೆ ಗೋಡೆಗೆ ಒರಗಿಸಿಡಬೇಕೆಂಬ ಷರತ್ತಿನ ಮೇಲೆ.

ಹಳಿ ಹಿಡಿದು ಹಲಗೆಯ ಮೇಲೆ ಕೂರುವ ಮುಂಚೆ ಗ್ರಾಫ್ ಹಾಳೆ ತೆಗೆದುಕೊಂಡೆ. 1 ಸೆಂ.ಮೀ.ಗೆ 1 ಮಿ.ಮೀ. ಎಂಬ ಪ್ರಮಾಣದಲ್ಲಿ ಹಲಗೆ 183 ಮಿ.ಮೀ.ಗೆ 122 ಮಿ.ಮೀ. ಆಯತವಾಯಿತು. ಈ ಹಳಿಗಳ ನೇರ ತುಂಡು 168 ಮಿ.ಮೀ. ಉದ್ದ. ನನ್ನ ಬಳಿ ಇದ್ದ ತಿರುವುಗಳ ತ್ರಿಜ್ಯ 438 ಮಿ.ಮೀ., ಒಂದೊಂದೂ 45 ಡಿಗ್ರಿ ತಿರುಗುತ್ತದೆ. ಎಂಟು ತುಂಡು ಸೇರಿದರೆ 360 ಡಿಗ್ರಿ, ಒಂದು ಪೂರ್ಣ ವೃತ್ತ. ವೃತ್ತವನ್ನು ಎರಡು ಭಾಗ ಮಾಡಿ ನಡುವೆ ಒಂದೊಂದು ಬದಿಗೆ ನಾಲ್ಕು ನೇರ ತುಂಡು ಇಟ್ಟರೆ ಅಂಡಾಕಾರದ ಹಾದಿ. ಅದರ ಅಗಲ 87.6 ಸೆಂ.ಮೀ., ಉದ್ದ 154.8 ಸೆಂ.ಮೀ. ಹಲಗೆಯ ಅಂಚಿನಿಂದ ನಾಲ್ಕೂ ಕಡೆ ಕನಿಷ್ಠ 14 ಸೆಂ.ಮೀ. ಬಿಡುವು ಉಳಿಯುತ್ತದೆ. ಎಂಜಿನ್ ಹಳಿ ತಪ್ಪಿದರೂ ನೆಲಕ್ಕೆ ಬೀಳುವ ಭಯ ಕಡಿಮೆ.

ಮುಂದಿನದು ಪಾಯಿಂಟಿನ ಲೆಕ್ಕ. ಪಾಯಿಂಟಿನ ನೇರ ಹಾದಿ 168 ಮಿ.ಮೀ. ಇದೆ, ಆದ್ದರಿಂದ ಒಂದು ನೇರ ತುಂಡಿನ ಜಾಗದಲ್ಲಿ ಅದನ್ನು ಹಾಗೇ ಕೂರಿಸಬಹುದು. ಕವಲಿನ ಹಾದಿ 438 ಮಿ.ಮೀ. ತ್ರಿಜ್ಯದಲ್ಲಿ 22.5 ಡಿಗ್ರಿ ತಿರುಗುತ್ತದೆ. ಅದರ ಮುಂದೆ ಅಷ್ಟೇ ಕೋನದ ತುಂಡನ್ನು ವಿರುದ್ಧ ದಿಕ್ಕಿಗೆ ಇಟ್ಟರೆ ಕವಲು ಮತ್ತೆ ಮುಖ್ಯ ಹಳಿಗೆ ಸಮಾಂತರವಾಗುತ್ತದೆ. ತ್ರಿಕೋನಮಿತಿಯಿಂದ ಲೆಕ್ಕ ಹಾಕಿದೆ. ಒಂದೊಂದು ತುಂಡೂ ಪಕ್ಕಕ್ಕೆ 33.3 ಮಿ.ಮೀ. ಸರಿಸುತ್ತದೆ, ಎರಡೂ ಸೇರಿ ಸುಮಾರು 67 ಮಿ.ಮೀ. ಮುಂದಕ್ಕೆ ಸಾಗುವುದು 335 ಮಿ.ಮೀ., ಅಂದರೆ ಸರಿಯಾಗಿ ಎರಡು ನೇರ ತುಂಡಿನಷ್ಟು. ಈ ಉತ್ತರ ಬಂದಾಗ ನನಗೆ ಹಾರ್ನ್‌ಬಿಯ ಅರ್ಧ ಅಂಗುಲ ನೆನಪಾಯಿತು. 168, 438, 22.5 ಎಂಬ ಸಂಖ್ಯೆಗಳು ಮನಸ್ಸಿಗೆ ಬಂದಂತೆ ಆರಿಸಿದವಲ್ಲ. ಒಂದು ತುಂಡು ಇನ್ನೊಂದರ ಲೆಕ್ಕದೊಳಗೆ ಕೂರುವಂತೆ ಯಾರೋ ಮೊದಲೇ ಕುಳಿತು ಯೋಚಿಸಿದ್ದಾರೆ. ಆದ್ದರಿಂದಲೇ ಕಾಗದದ ಮೇಲೆ ಹಾಕಿದ ನಕ್ಷೆಯನ್ನು ಹಲಗೆಯ ಮೇಲೆ ನಂಬಬಹುದು.

ಎಲ್ಲವೂ ನಂಬುವಂತಿಲ್ಲ ಎಂಬುದೂ ಅದೇ ಗ್ರಾಫ್ ಹಾಳೆಯಲ್ಲಿ ಕಂಡಿತು. 438 ಮಿ.ಮೀ. ತ್ರಿಜ್ಯವನ್ನು 76ರಿಂದ ಗುಣಿಸಿದರೆ ಸುಮಾರು 33 ಮೀಟರ್. ನಮ್ಮ ಬ್ರಾಡ್‌ಗೇಜ್ ಹಾದಿಯಲ್ಲಿ ಅತ್ಯಂತ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು. ಅದನ್ನೇ ಪ್ರಮಾಣಕ್ಕೆ ಇಳಿಸಿದರೆ 2.3 ಮೀಟರ್, ವೃತ್ತದ ಅಗಲ 4.6 ಮೀಟರ್. ನಮ್ಮ ಹಾಲಿನಲ್ಲಿ ಅದು ಹಿಡಿಸುವುದಿಲ್ಲ. ಸುಮಾರು 23.5 ಮೀಟರ್ ಉದ್ದದ ಒಂದು ಪ್ರಯಾಣಿಕರ ಬೋಗಿ ಈ ಪ್ರಮಾಣದಲ್ಲಿ 31 ಸೆಂ.ಮೀ. ಆಗುತ್ತದೆ. 20 ಬೋಗಿಯ ರೈಲು 6.2 ಮೀಟರ್. ನನ್ನ ಇಡೀ ಹಾದಿಯ ಸುತ್ತಳತೆಯೇ 4.1 ಮೀಟರ್. ಅಂಥ ರೈಲು ತನ್ನ ಬಾಲವನ್ನು ತಾನೇ ಗುದ್ದುತ್ತದೆ. ಹಳಿಯ ಅಂತರವೂ ಅಷ್ಟೆ: 1676 ಮಿ.ಮೀ. ಬ್ರಾಡ್‌ಗೇಜ್ ಇಲ್ಲಿ 22 ಮಿ.ಮೀ. ಆಗಬೇಕು, ಬೆಂಗಳೂರು ಮೆಟ್ರೋದ 1435 ಮಿ.ಮೀ. ಹಳಿ ಸುಮಾರು 18.8 ಆಗಬೇಕು. ಪೆಟ್ಟಿಗೆಯ ಹಳಿ ಇರುವುದು 16.5 ಮಿ.ಮೀ. ಮಾತ್ರ.

ಹಾಗಾದರೆ ಮಾದರಿ ಸುಳ್ಳೇ? ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಚಿಕ್ಕ ಲೇಔಟಿನ ಯೋಜನೆ. ನನ್ನ ಉದ್ದೇಶ ‘ಚಲನೆ’ಯ ಪಾಠ. ದೂರ, ಕಾಲ, ದಿಕ್ಕು ಇವು ಮೂರು ಉಳಿದರೆ ಸಾಕು. ಬೆಟ್ಟ, ಸುರಂಗ, ನಿಲ್ದಾಣದ ಚಾವಣಿ ಎಲ್ಲ ಬಿಟ್ಟೆ. ಒಂದು ಸುತ್ತು, ಒಂದು ಪಾಯಿಂಟು, ಬಂಡಿಗಳನ್ನು ಬಿಡಲು ಎರಡು ನೇರ ತುಂಡಿನ ಕವಲು. ಹಲಗೆಯನ್ನು ಗೋಡೆಗೆ ತಾಗಿಸದೆ ನಡುವೆ ಇಡುವುದೆಂದು ಗೊತ್ತು ಮಾಡಿದೆ. 4 ಅಡಿ ಅಗಲದ ಹಲಗೆಯ ಆಚೆ ಅಂಚಿಗೆ ಒಂದೇ ಬದಿಯಿಂದ ಕೈ ಎಟುಕುವುದಿಲ್ಲ.

ರಟ್ಟಿನ ಹಳಿಗಳು

ತರಗತಿಯಲ್ಲಿ 48 ಮಕ್ಕಳು, ಹಲಗೆ ಒಂದೇ. 40 ನಿಮಿಷದ ಅವಧಿಯಲ್ಲಿ ರೈಲನ್ನು ಎಲ್ಲರೂ ಮುಟ್ಟುವುದು ಸಾಧ್ಯವಿಲ್ಲ. ಆದರೆ ಯೋಜನೆಯನ್ನು ಎಲ್ಲರೂ ಮಾಡಬಹುದು. ಮನೆಯಲ್ಲಿ ಕೂಡಿಟ್ಟಿದ್ದ ಮದುವೆ ಕಾಗದಗಳ ದಪ್ಪ ಹಾಳೆಯಿಂದ ತಮ್ಮನೂ ನಾನೂ ಐದರಲ್ಲಿ ಒಂದು ಪಾಲಿನ ಹಳಿ ತುಂಡುಗಳನ್ನು ಕತ್ತರಿಸಿದೆವು. ಎಂಟು ಗುಂಪು, ಗುಂಪಿಗೆ 12 ತಿರುವು, 12 ನೇರ, ಒಟ್ಟು 192 ತುಂಡು. ಒಂದೊಂದು ಗುಂಪಿಗೆ ಒಂದು ಲಕೋಟೆ ಮತ್ತು ಹಲಗೆಯ ಆಯತ ಬರೆದ ಹಾಳೆ. ಕೆಲಸ ಇಷ್ಟೆ: ರೈಲು ಹೊರಟ ಜಾಗಕ್ಕೇ ಮರಳುವಂತೆ ಹಾದಿ ಜೋಡಿಸಬೇಕು, ಅದರ ಉದ್ದ ಲೆಕ್ಕ ಹಾಕಬೇಕು.

ಮೆಕ್ಯಾನೋ ಪೆಟ್ಟಿಗೆಗಳ ಚಿತ್ರಗಳೂ ಜಾಹೀರಾತುಗಳೂ ಹುಡುಗರನ್ನು ಉದ್ದೇಶಿಸಿದ್ದವು. ಹಾರ್ನ್‌ಬಿಯ ಬದುಕಿನಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಇದು. ಮನೆಯಲ್ಲಿ ಶಿಕ್ಷಕಿಯಾದ ಹೆಂಡತಿಯೂ ಮಗಳೂ ಇದ್ದವರು ಅವರು. ಅವರ ಕಾಲ ಹಾಗಿತ್ತು ಎನ್ನಬಹುದು. ಆದರೆ ನಮ್ಮ ತರಗತಿಗಳಲ್ಲೂ ಉಪಕರಣ ಬಂದೊಡನೆ ಹುಡುಗರ ಕೈ ಮುಂದಾಗುತ್ತದೆ, ಹುಡುಗಿಯರಿಗೆ ಬರೆದುಕೊಳ್ಳುವ ಕೆಲಸ ಬರುತ್ತದೆ. ಆದ್ದರಿಂದ ಯಾರು ಜೋಡಿಸಬೇಕು, ಯಾರು ಬರೆಯಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವಂತೆ ಪಾಠ ಯೋಜನೆಯಲ್ಲೇ ಬರೆದಿದ್ದೆ.

ಹೆಚ್ಚಿನ ಗುಂಪುಗಳು ಅಂಡಾಕಾರ ಮಾಡಿ ನಿಲ್ಲಿಸಿದವು. ಕಿಟಕಿ ಬದಿಯ ಕೊನೆಯ ಬೆಂಚಿನ ಗುಂಪಿನಲ್ಲಿ ಜೋಡಿಸುವ ಚೀಟಿ ಬಂದದ್ದು, ಎರಡು ವಾರದಿಂದ ನನ್ನ ಯಾವ ಪ್ರಶ್ನೆಗೂ ಬಾಯಿ ತೆರೆಯದಿದ್ದ ಒಬ್ಬ ಹುಡುಗಿಗೆ. ಕಿರುಪರೀಕ್ಷೆಗಳಲ್ಲಿ ಅವಳ ಹಾಳೆ ಹೆಚ್ಚುಕಡಿಮೆ ಖಾಲಿಯೇ ಇರುತ್ತಿತ್ತು. ಅವಳು ಹಾದಿಯ ನಡುವೆ ಒಳಕ್ಕೆ ಬಾಗುವ ಎರಡು ತುಂಡು ಇಟ್ಟಳು. ಹಾದಿ ಮುಚ್ಚಿಕೊಳ್ಳಲಿಲ್ಲ. ತೆಗೆದಳು, ಮತ್ತೆ ಇಟ್ಟಳು. ಕೊನೆಗೆ ಹೊರಬದಿಗೆ ಇನ್ನೆರಡು ತಿರುವು ಸೇರಿಸಿ, ನೇರ ತುಂಡುಗಳನ್ನು ಸ್ವಲ್ಪ ಎಳೆದು ಕೂಡಿಸಿದಳು. ಹುರುಳಿಬೀಜದ ಆಕಾರ ಬಂತು. ಅದು ಹಲಗೆಯ ಗೆರೆ ದಾಟಿ ಹೊರಗೆ ಹೋಗಿತ್ತು. ಎಷ್ಟು ತಿರುವು ಎಂದು ಕೇಳಿದೆ. ಎಡಕ್ಕೆ ಹತ್ತು, ಬಲಕ್ಕೆ ಎರಡು ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಹತ್ತರಲ್ಲಿ ಎರಡು ಕಳೆದರೆ ಎಂಟೇ ಅಲ್ಲವೇ ಮಿಸ್, ಬಲಕ್ಕೆ ಎಷ್ಟು ಇಟ್ಟರೂ ಅಷ್ಟನ್ನು ಎಡಕ್ಕೆ ಹೆಚ್ಚಿಗೆ ಇಡಬೇಕು ಎಂಬರ್ಥದ ಮಾತು ಹೇಳಿದಳು.

ತನ್ನನ್ನು ತಾನೇ ದಾಟದ ಯಾವ ಸುತ್ತುಹಾದಿಗೂ ಇದು ಸತ್ಯ. ಒಂದು ಸುತ್ತು ಮುಗಿಸುವ ರೈಲು ಒಟ್ಟು 360 ಡಿಗ್ರಿ ತಿರುಗಲೇಬೇಕು. 45 ಡಿಗ್ರಿಯ ತುಂಡಾದರೆ ಎಡ–ಬಲದ ವ್ಯತ್ಯಾಸ ಎಂಟು. ಹಾದಿ ಮುಚ್ಚಿಕೊಳ್ಳಲು ಇಷ್ಟೇ ಸಾಲದು, ನೇರ ತುಂಡುಗಳ ಲೆಕ್ಕವೂ ಕೂಡಬೇಕು. ಆದರೆ ಇಷ್ಟಿಲ್ಲದೆ ಮುಚ್ಚಿಕೊಳ್ಳುವುದಿಲ್ಲ. ಅವಳ ಪಠ್ಯದಲ್ಲಿ ಈ ಸೂತ್ರ ಇಲ್ಲ, ನನ್ನ ಪಾಠ ಯೋಜನೆಯಲ್ಲೂ ಇರಲಿಲ್ಲ.

ಎರಡನೆಯ ಅವಧಿಯಲ್ಲಿ ನಿಜವಾದ ರೈಲು ಓಡಿತು. ಗಂಟೆಗೆ 60 ಕಿ.ಮೀ. ವೇಗವನ್ನು 76ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 22 ಸೆಂ.ಮೀ. 4.1 ಮೀಟರ್ ಸುತ್ತಲು 18.7 ಸೆಕೆಂಡ್ ಬೇಕು. ಮಕ್ಕಳು ಮೊದಲು ಲೆಕ್ಕ ಮಾಡಿ, ನಂತರ ಐದು ಸುತ್ತಿನ ಕಾಲ ಅಳೆದು, ನಿಯಂತ್ರಕದ ಗುಂಡಿಯನ್ನು ಆ ವೇಗಕ್ಕೆ ಹೊಂದಿಸಿದರು. ಒಂದು ಸುತ್ತಿನ ಕೊನೆಯಲ್ಲಿ ಕ್ರಮಿಸಿದ ದೂರ 4.1 ಮೀಟರ್, ಸ್ಥಾನಪಲ್ಲಟ ಸೊನ್ನೆ ಎಂಬುದನ್ನು ಕಪ್ಪುಹಲಗೆಯ ಮೇಲೆ ವಿವರಿಸುವ ಅಗತ್ಯ ಬೀಳಲಿಲ್ಲ.

ಪಾಠ ವೀಕ್ಷಣೆಗೆ ಬಂದಿದ್ದ ಹಿರಿಯರು ದಾಖಲೆಯಲ್ಲಿ ಬರೆದ ಷರಾ ಹೀಗಿತ್ತು: ಚಟುವಟಿಕೆ ಚೆನ್ನಾಗಿದೆ, ಆದರೆ ಒಂದು ಅವಧಿಯ ವಿಷಯಕ್ಕೆ ಎರಡು ಅವಧಿ ಹಿಡಿದಿದೆ. ಸಮಯ ನಿರ್ವಹಣೆಗೆ ಅಂಕ ಕಡಿಮೆಯಾಯಿತು. ಆ ಮಾತು ನಿಜ. ಪಠ್ಯ ಮುಗಿಸುವ ಹೊರೆ ಶಾಲೆಯ ಶಿಕ್ಷಕರ ಮೇಲಿದೆ, ಆರು ವಾರ ಬಂದು ಹೋಗುವ ನನ್ನ ಮೇಲಿಲ್ಲ. ಆದರೆ ಎರಡು ವಾರದ ಮೌನ ಮುರಿದದ್ದು ಆ ಹೆಚ್ಚುವರಿ ಅವಧಿಯ ಮೊದಲ ಭಾಗದಲ್ಲಿ. ಅದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಮುಂದೆ ನನಗೇ ಒಂದು ತರಗತಿ ಸಿಕ್ಕಾಗ ಈ ಎರಡು ಅವಧಿಯನ್ನು ವರ್ಷದ ಯೋಜನೆಯಲ್ಲೇ ತೆಗೆದಿಡುತ್ತೇನೆ.

ಹಾರ್ನ್‌ಬಿಯಿಂದ ತೆಗೆದುಕೊಳ್ಳುವುದು, ಬಿಡುವುದು

ಹಾರ್ನ್‌ಬಿ ಸಮಾಜಸೇವೆಗೆ ಆಟಿಕೆ ಮಾಡಿದವರಲ್ಲ. ಒಂದು ಪೆಟ್ಟಿಗೆ ಕೊಂಡ ಮಗುವಿಗೆ ಇನ್ನೊಂದು ಬೇಕೆನ್ನಿಸುವಂತೆ ಅವರ ವ್ಯಾಪಾರ ಇತ್ತು. ಒಂದನೆಯ ಪೆಟ್ಟಿಗೆಗೆ ಪೂರಕ ಪೆಟ್ಟಿಗೆ ಕೊಂಡರೆ ಅದು ಎರಡನೆಯದಾಗುತ್ತದೆ, ಅದಕ್ಕೆ ಮತ್ತೊಂದು ಕೊಂಡರೆ ಮೂರನೆಯದು. ಕೊಳ್ಳಲಾಗದ ಮನೆಯ ಮಕ್ಕಳು ಅಂಗಡಿಯ ಗಾಜಿನಾಚೆಯೇ ನಿಂತರು. ಇಂದಿಗೂ ಇಂಥ ರೈಲು ನಮ್ಮ ಸರ್ಕಾರಿ ಶಾಲೆಗಳಿಗೆ ಎಟುಕುವ ಬೆಲೆಯದಲ್ಲ. ಆದ್ದರಿಂದ ರೈಲು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ತೆಗೆದುಕೊಳ್ಳಬೇಕಾದದ್ದು ಬೆಲೆಯಿಲ್ಲದ ಭಾಗ. ತುಂಡುಗಳ ಅಳತೆ ಕಟ್ಟುನಿಟ್ಟಾಗಿರಲಿ, ಜೋಡಿಸುವ ರೀತಿ ಮಗುವಿಗೆ ಬಿಟ್ಟಿದ್ದಾಗಿರಲಿ, ಜೋಡಿಸಿದ್ದನ್ನು ಬಿಚ್ಚಲು ಅವಕಾಶವಿರಲಿ. ಆ ಹುಡುಗಿ ಮೂರು ಸಲ ಬಿಚ್ಚಿದಳು. ಅಂಟು ಹಾಕಿ ಚಾರ್ಟ್ ಮಾಡಿಸಿದ್ದರೆ ಮೊದಲನೆಯದೇ ಕೊನೆಯದಾಗುತ್ತಿತ್ತು. ಶಾಲೆಯಲ್ಲಿ ನಾವು ಮಾಡಿಸುವ ಮಾದರಿಗಳಲ್ಲಿ ಹೆಚ್ಚಿನವು ಥರ್ಮೋಕೋಲಿಗೆ ಅಂಟಿಸಿ, ಪ್ರದರ್ಶನದ ದಿನ ಮೇಜಿನ ಮೇಲಿಟ್ಟು, ಮರುದಿನ ಕಪಾಟಿನ ಮೇಲೆ ಹೋಗುವಂಥವು.

ಬಿನ್ಸ್ ರಸ್ತೆಯ ಕಾರ್ಖಾನೆ 1964ರಲ್ಲಿ ಬೇರೆಯವರ ಕೈಗೆ ಹೋಗಿ, 1979ರಲ್ಲಿ ಮುಚ್ಚಿತು. ಹಾರ್ನ್‌ಬಿ ಎಂಬ ಹೆಸರು ಇಂದಿಗೂ ಮಾದರಿ ರೈಲುಗಳ ಮೇಲೆ ಉಳಿದಿದೆ. ನಮ್ಮ ಮನೆಯ ಹಲಗೆ ಈಗ ಹಾಲಿನ ಗೋಡೆಗೆ ಒರಗಿದೆ. ರಟ್ಟಿನ ಹಳಿಗಳ ಎಂಟು ಲಕೋಟೆಗಳನ್ನು ಬೋಧನಾಭ್ಯಾಸ ಮುಗಿದ ದಿನ ಆ ಶಾಲೆಯ ಗಣಿತ ಶಿಕ್ಷಕರಿಗೆ ಒಪ್ಪಿಸಿ ಬಂದೆ. ಎಣಿಸಿದಾಗ 192ರಲ್ಲಿ 185 ತುಂಡು ಇದ್ದವು. ಉಳಿದ ಏಳೂ ತಿರುವುಗಳೇ, ಯಾರದೋ ಜೇಬಿನಲ್ಲಿ ಮನೆಗೆ ಹೋಗಿವೆ.